ನಾಕು ಎರಡು ಸಲ

ನಾನು ಕಲಾವಿದ. ನಗಬೇಡಿ, ಇಪ್ಪತ್ತೆರಡು ವರ್ಷದಿಂದ ವೇದಿಕೆ ಮೇಲೇ ನಿಂತಿದ್ದೀನಿ. ಎಲ್ಲಿ ಅಂದ್ರೆ, ಡೋಲಿನವನ ಹಿಂದೆ, ಪರದೆಗೆ ಬೆನ್ನು ತಾಗೋ ಹಾಗೆ. ಗುರುಗಳು ಒಂದು ಸಾಲು ಹಾಡಿ ಉಸಿರು ತಗೊಳ್ಳುವಾಗ 'ಹೊಯ್ಯಾ' ಅನ್ನೋದು ನನ್ನ ಕೆಲಸ. ಅದಕ್ಕೇ ತಂಡದಲ್ಲಿ ನನ್ನ ಹೆಸರು ಹೊಯ್ಯ. ಮೈಮೇಲಿನ ಕೋಟು ಬಾಡಿಗೆದು, ಬಲಗಡೆ ಕಂಕುಳಲ್ಲಿ ಹರಿದಿದೆ. ಹಾಗಾಗಿ ಹಾಡುವಾಗ ಕೈ ಎತ್ತಲ್ಲ. ಜನ ಅದನ್ನ ಗಾಂಭೀರ್ಯ ಅಂದ್ಕೊಳ್ತಾರೆ.

ಅವತ್ತು ಸಂಜೆ ಪುರಭವನದಲ್ಲಿ ಗುರುಗಳ ಜೊತೆ ಹಾಡು, ಮಾತುಕತೆ. ಅವರು ಹಾಡು ಕಟ್ಟೋಕೆ ಶುರು ಮಾಡಿ ಐವತ್ತು ವರ್ಷ ಆಯ್ತಂತೆ. ನಾನು ಬೆಳಗಿಂದ ನೆಪ ಹುಡುಕ್ತಿದ್ದೆ. ಯಾಕಂದ್ರೆ ಅಮ್ಮ ಬರ್ತೀನಿ ಅಂತ ಹಟ ಹಿಡಿದಿದ್ದಳು.

"ನಿನ್ನ ಸೊಂಟ ನೋಡ್ಕೊಮ್ಮ. ಅಲ್ಲಿ ಎಷ್ಟೊಂದು ಮೆಟ್ಟಿಲಿದೆ ಗೊತ್ತಾ?"

"ಮೂಟೆ ಹೊತ್ತೋಳಿಗೆ ಮೆಟ್ಟಿಲು ತೋರಿಸ್ತೀಯೇನೋ? ಅಂಥಾ ದೊಡ್ಡ ಮನುಷ್ಯರು ನನ್ನ ಹಾಡು ಹಾಡ್ತಾರೆ, ಹಾಡೋಕೆ ಮುಂಚೆ ನನ್ನ ಹೆಸರು ಹೇಳ್ತಾರೆ ಅಂತ ನೀನೇ ತಾನೇ ಹೇಳಿದ್ದು? ಒಂದ್ಸಲ ಕಿವಿಯಾರೆ ಕೇಳ್ತೀನಿ."

ಹೌದು, ನಾನೇ ಹೇಳಿದ್ದು. ಪ್ರತಿ ಕಾರ್ಯಕ್ರಮ ಮುಗಿಸಿ ಮನೆಗೆ ಬಂದಾಗಲೂ ಹೇಳಿದ್ದೆ. 'ಇವತ್ತೂ ಹೇಳಿದ್ರಮ್ಮ, ಜನ ಎದ್ದು ನಿಂತು ಚಪ್ಪಾಳೆ ತಟ್ಟಿದ್ರು.' ಹಸಿ ಸುಳ್ಳು. ಹಾಡೋದ್ರಲ್ಲಿ ಹೆಸರು ಮಾಡದಿದ್ರೂ ಸುಳ್ಳಿಗೆ ರಾಗ ಹಾಕೋದ್ರಲ್ಲಿ ನಾನು ಮಹಾ ವಿದ್ವಾಂಸ. ಅಮ್ಮ ಅದನ್ನ ನಂಬಿ ಬೀದಿಗೆಲ್ಲ ಹೇಳ್ಕೊಂಡು ಬಂದಿದ್ದಳು.

ಆ ಹಾಡಿನ ಕಥೆ ಹೇಳಿಬಿಡ್ತೀನಿ. ಆಗ ನಾವು ಗೋದಾಮಿನ ಹಮಾಲರು. ಲಾರಿಯಿಂದ ಮೂಟೆ ಕೈಯಿಂದ ಕೈಗೆ ದಾಟಬೇಕು, ಎಂಟು ಜನರ ಸಾಲು. ಮೂಟೆ ಕೈಗೆ ಬಂದಾಗ ಅವರವರ ಅಂಕಿ ಅವರವರು ಕೂಗಬೇಕು. 'ಒಂದು ಬಂತು, ಹೊಯ್ಯಾ. ಎರಡು ಬಂತು, ಹೊಯ್ಯಾ.' ನಡುನಡುವೆ ಮಾತು ಸೇರಿಸಿದವಳು ಅಮ್ಮ. 'ಭಾರ ಯಾರದೋ, ಬೆನ್ನು ನಮ್ಮದು' ಅನ್ನೋದು ಅವಳದೇ. ಸಾಲಲ್ಲಿ ಅವಳು ನಾಕನೆಯವಳು, ಅದಕ್ಕೇ ಎಲ್ಲರಿಗೂ ನಾಕಕ್ಕ. ಅವಳ ಪಕ್ಕ ಐದನೆಯವನು ನಾನು.

ಒಂದು ದಿನ ಮೂಟೆ ಉರುಳಿ ಅಮ್ಮನ ಸೊಂಟಕ್ಕೆ ಪೆಟ್ಟಾಯ್ತು. ಮೂರೇ ವಾರಕ್ಕೆ ಕುಂಟ್ಕೊಂಡು ವಾಪಸ್ ಬಂದಳು, ಬರದಿದ್ರೆ ಒಲೆ ಉರೀತಿರಲಿಲ್ಲ. ಆದ್ರೆ ಮೂಟೆ ಹಿಡಿದು ತಿರುಗೋಕೆ ಅವಳಿಗೆ ಒಂದು ಉಸಿರು ಜಾಸ್ತಿ ಬೇಕಿತ್ತು. ತಡ ಮಾಡಿದವರನ್ನ ಮೇಸ್ತ್ರಿ ಸಾಲಿಂದ ಎಳೆದು ಮನೆಗೆ ಕಳಿಸ್ತಿದ್ದ. ಮೂರನೆಯವನು, ನಮ್ಮ ಮೂರಣ್ಣ, ಉಪಾಯ ಹೇಳಿದ. "ನಾಕು ಬಂತು ಅನ್ನೋದು ಎರಡು ಸಲ ಇರಲಿ. ಮೊದಲನೇದು ಅಕ್ಕ ಹಿಡಿಯೋಕೆ. ಎರಡನೇದು ಎಲ್ಲರೂ ಕೂಗೋಣ, ಅಷ್ಟರಲ್ಲಿ ಅಕ್ಕ ತಿರುಗಿರ್ತಾಳೆ."

ನಾಕು ಯಾಕೆ ಎರಡು ಸಲ ಅಂತ ಮೇಸ್ತ್ರಿ ಕಣ್ಣು ಕೆಂಪಗೆ ಮಾಡ್ಕೊಂಡು ಕೇಳಿದ. "ಹಾಡೇ ಹಂಗಿರೋದು ಸ್ವಾಮಿ" ಅಂದ್ವಿ. ಆ ಒಂದು ಉಸಿರಿನ ಮೇಲೆ ಅಮ್ಮ ಹನ್ನೊಂದು ವರ್ಷ ದುಡಿದು ನಮಗೆ ಅನ್ನ ಹಾಕಿದಳು.

ಆಗಲೇ ಗುರುಗಳು ಗೋದಾಮಿಗೆ ಬಂದಿದ್ದು, ಇಸ್ತ್ರಿ ಅಂಗಿ ಹಾಕ್ಕೊಂಡು. "ನಿನ್ನ ಕಂಠ ಬಂಗಾರ ಕಣೋ, ಹಾಡು" ಅಂದ್ರು. ಅಷ್ಟಕ್ಕೇ ನಾನು ಉಬ್ಬಿಹೋದೆ. ಮೂರು ಸಲ ಹಾಡಿದೆ. ಬರ್ಕೊಳ್ಳೋಕೆ ಪೆನ್ಸಿಲ್ಲನ್ನೂ ನಾನೇ ಹುಡುಕಿ ಕೊಟ್ಟೆ. ಹಾಡು ಅವರ ಹೆಸರಿಗೆ ಹೋಯ್ತು, ನಾನು ಅವರ ತಂಡಕ್ಕೆ ಹೋದೆ. ಕಳ್ಳನಿಗೆ ಏಣಿ ಹಿಡಿದು, ಮೇಲೆ ಹುಷಾರು ಸ್ವಾಮಿ ಅಂದವನು ನಾನು.

ಸರಿ, ಅವತ್ತಿನ ಸಂಜೆಗೆ ಬರೋಣ. ಸ್ಪೀಕರ್ ಪೆಟ್ಟಿಗೆ ಇಳಿಸೋಕೆ ಬಂದವನು ಅದೇ ಮೂರಣ್ಣ, ಜೊತೆಗೆ ನಾಕೈದು ಹಮಾಲರು. ಪೆಟ್ಟಿಗೆ ಎತ್ತುವಾಗ ಅವರು ಅದೇ ಹಾಡು ಎತ್ತಿದ್ರು, ನಾಕು ಎರಡು ಸಲ ಸೇರಿಸಿ. ಒಳಗೆ ಮುಖಕ್ಕೆ ಪೌಡರ್ ಹಚ್ಚಿಸ್ಕೊಳ್ತಿದ್ದ ಗುರುಗಳು ಸಿಡುಕಿದರು. "ಏನದು ಕಿರುಚಾಟ? ನಿಲ್ಲಿಸೋಕೆ ಹೇಳು."

ನಾಚಿಕೆಗೆಟ್ಟವನು, ಹೋಗಿ ಹೇಳಿದೆ.

ಮೂರಣ್ಣ ನಕ್ಕ. "ಇದೇ ಹಾಡಿಗೆ ಒಳಗೆ ಟಿಕೆಟ್ಟು. ನಾವು ಹೊರಗೆ ಪುಕ್ಕಟೆ ಹಾಡ್ತೀವಿ ಅಂತ ಹೊಟ್ಟೆಕಿಚ್ಚೇನೋ ನಿಮ್ಮ ಗುರುಗಳಿಗೆ?" ಆಮೇಲೆ ಮೆಟ್ಟಿಲ ಕೆಳಗೆ ನಿಂತಿದ್ದ ಅಮ್ಮನನ್ನ ನೋಡಿ ಓಡಿಹೋದ. ಹಮಾಲರೆಲ್ಲ ಸೇರಿ ನಾಕಕ್ಕನನ್ನ ಒಂದು ಕುರ್ಚಿ ಮೇಲೆ ಕೂರಿಸಿ, ಎತ್ಕೊಂಡು ಬಂದು ಸಭೆಯ ಹಿಂದಿನ ಬಾಗಿಲ ಹತ್ರ ಇಳಿಸಿದ್ರು. ಅಮ್ಮ ನನ್ನ ಕೋಟು ನೋಡಿ ಕೈಬೀಸಿದಳು. ನಾನು ಎಡಗೈ ಬೀಸಿದೆ.

ಮಾತುಕತೆ ಶುರುವಾಯ್ತು. ನಿರೂಪಕಿ ಕೇಳಿದಳು, "ಗುರುಗಳೇ, ನಿಮ್ಮ ಆ ಪ್ರಸಿದ್ಧ ಹಾಡಿನಲ್ಲಿ ನಾಕು ಬಂತು ಅನ್ನೋದು ಎರಡು ಸಲ ಬರುತ್ತೆ. ಅದರ ಗುಟ್ಟೇನು?"

ಗುರುಗಳು ಕಣ್ಣು ಮುಚ್ಚಿದರು. "ಒಂದು ಸಂಜೆ ನದಿ ದಡದಲ್ಲಿ ಒಬ್ಬನೇ ಕೂತಿದ್ದೆ. ಹೊರಗೆ ನಾಲ್ಕು ದಿಕ್ಕು, ಒಳಗೂ ನಾಲ್ಕು ದಿಕ್ಕು ಅಂತ ಹೊಳೆಯಿತು. ನನಗರಿವಿಲ್ಲದೆ ಹಾಡು ಹರಿದು ಬಂತು."

ಸಭೆ ಆಹಾ ಅಂತು. ಅಮ್ಮ ಕಿವಿ ಮುಂದೆ ಮಾಡ್ಕೊಂಡು ಇನ್ನೂ ಕಾಯ್ತಿದ್ದಳು, ಈಗ ಹೇಳ್ತಾರೆ, ಈಗ ಹೇಳ್ತಾರೆ ಅಂತ. ಅವರು ಹೇಳಲಿಲ್ಲ. ಅಮ್ಮ ನಿಧಾನಕ್ಕೆ ನನ್ನ ಕಡೆ ತಿರುಗಿ ನೋಡಿದಳು. ಅಯ್ಯೋ, ಆ ನೋಟಕ್ಕಿಂತ ಮೂಟೆ ಮೈಮೇಲೆ ಬಿದ್ದಿದ್ರೆ ವಾಸಿಯಿತ್ತು.

ಗುರುಗಳು ಹಾಡು ಎತ್ತಿಕೊಂಡರು. ಒಂದು ಬಂತು. ಎರಡು ಬಂತು. ಮೂರು ಬಂತು. ನಾಕು ಬಂತು.

ಅಷ್ಟರಲ್ಲಿ ಹಿಂದಿನ ಬಾಗಿಲಿಂದ ಬಂತು ಎರಡನೇದು. "ನಾಕು ಬಂತು." ಅಮ್ಮನ ದನಿ. ಬೇಕು ಅಂತ ಕೂಗಿದ್ದಲ್ಲ, ಹನ್ನೊಂದು ವರ್ಷದ ಅಭ್ಯಾಸ.

ಸಭೆಯೆಲ್ಲ ಹಿಂದಕ್ಕೆ ತಿರುಗಿತು. ಗುರುಗಳು ನಗುತ್ತಾ ಕೈ ಚಾಚಿದರು. "ನೋಡಿ! ನನ್ನ ಹಾಡು ಬಡವರ ಬಾಯಲ್ಲೂ ಹೇಗೆ ನಿಂತಿದೆ!"

ಚಪ್ಪಾಳೆಯೋ ಚಪ್ಪಾಳೆ.

ನನಗೆ ಮೈಯೆಲ್ಲ ಉರಿದುಹೋಯ್ತು. ನನ್ನ ಮುಂದಿದ್ದ ಮೈಕ್ ಹಿಡಿದು, "ಅಲ್ಲ! ಅದು ನಮ್ಮಮ್ಮನ ಹಾಡು" ಅಂದೆ. ಯಾರಿಗೂ ಕೇಳಿಸಲಿಲ್ಲ. ಬಗ್ಗಿ ನೋಡಿದೆ. ಮೈಕಿನ ವೈರು ಎಲ್ಲಿಗೂ ಹೋಗಿರಲಿಲ್ಲ, ಸುತ್ತಿ ಮೈಕಿನ ಕಂಬಕ್ಕೇ ಕಟ್ಟಿದ್ರು. ನಾನು ಇಷ್ಟು ವರ್ಷ ಪ್ರಾಣ ಬಿಟ್ಟು ಅಂದ ಹೊಯ್ಯಾಗಳೆಲ್ಲ ಈ ಕಂಬಕ್ಕೇ! ಇಪ್ಪತ್ತೆರಡು ವರ್ಷದಲ್ಲಿ ಒಂದ್ಸಲನಾದ್ರೂ ಬಗ್ಗಿ ನೋಡಬಾರದಿತ್ತಾ ಈ ಕಲಾವಿದ?

ಮೈಕ್ ಬಿಟ್ಟು ಮುಂದೆ ಬಂದೆ. ಲಾರಿ ಇಂಜಿನ್ ಸದ್ದನ್ನೂ ಮೀರಿ ಕೂಗಿದ ಗಂಟಲು ನಂದು.

"ನದಿನೂ ಇಲ್ಲ, ದಿಕ್ಕೂ ಇಲ್ಲ! ಆ ನಾಕು ನಮ್ಮಮ್ಮ, ಅಗೋ ಬಾಗಿಲಲ್ಲಿ ಕೂತಿದ್ದಾಳೆ. ಮುರಿದ ಸೊಂಟದಲ್ಲಿ ಮೂಟೆ ಹಿಡಿದು ತಿರುಗೋಕೆ ಒಂದು ಉಸಿರು ಬೇಕಿತ್ತು ಅವಳಿಗೆ. ಮೇಸ್ತ್ರಿ ಕಣ್ಣು ತಪ್ಪಿಸಿ ಎಂಟು ಜನ ಸೇರಿ ಕೊಟ್ಟ ಉಸಿರು ಅದು. ಅದನ್ನ ನಿಮಗೆ ಕೊಟ್ಟ ದಡ್ಡ ನಾನೇ!"

"ಹೊಯ್ಯ, ಹಿಂದೆ ಹೋಗು" ಅಂದ್ರು ಗುರುಗಳು, ಹಲ್ಲು ಕಚ್ಚಿ. ಅವರ ಮೈಕಿಗೆ ವೈರಿತ್ತು, ಎಲ್ಲರಿಗೂ ಕೇಳಿಸ್ತು.

ಅಮ್ಮ ಗೋಡೆ ಹಿಡಿದು ಎದ್ದು ನಿಂತಳು.

"ಏನೋ, ಇಷ್ಟು ವರ್ಷ ನನಗೆ ಸುಳ್ಳು ಹೇಳಿದ್ಯಾ?"

"ಹೂನಮ್ಮ."

"ಅದನ್ನ ಮನೇಲಿ ವಿಚಾರಿಸ್ಕೋತೀನಿ. ಈಗ ಸಾಲಿಗೆ ನಿಲ್ಲು."

ಬಾಗಿಲಲ್ಲಿದ್ದ ಹಮಾಲರಲ್ಲೊಬ್ಬ "ಒಂದು ಬಂತು" ಅಂದ. ಇನ್ನೊಬ್ಬ "ಎರಡು ಬಂತು." ಮೂರಣ್ಣ ಮೂರು ಅಂದು, ಮೂಟೆ ದಾಟಿಸೋ ಹಾಗೆ ಅಮ್ಮನ ಕಡೆ ಕೈ ಚಾಚಿದ. ಅಮ್ಮ ಹಿಡಿದಳು. "ನಾಕು ಬಂತು." ಎರಡನೇ ನಾಕನ್ನ ಹಮಾಲರೆಲ್ಲ ಕೂಗಿದ್ರು, ಕಸ ಗುಡಿಸೋಳು ಕೂಗಿದಳು, ಟಿಕೆಟ್ ಹರಿಯೋನು ಕೂಗಿದ, ಹಿಂದಿನ ಸಾಲಿನವರೂ ಕೂಗಿದ್ರು. ಅಷ್ಟರಲ್ಲಿ ಅಮ್ಮ ನಿಧಾನಕ್ಕೆ ಸೊಂಟ ತಿರುಗಿಸಿ ವೇದಿಕೆ ಮೇಲಿದ್ದ ನನಗೆ ಎದುರಾಗಿ ನಿಂತಿದ್ದಳು, ಎರಡೂ ಕೈ ಮುಂದೆ ಮಾಡಿ.

ಸಾಲಿನ ನಿಯಮ ಗೊತ್ತಲ್ಲ, ಮುಂದಿನವನು ಅಂಕಿ ಹೇಳೋವರೆಗೂ ಹಿಡಿದವರು ಬಿಡೋ ಹಾಗಿಲ್ಲ. ಅಮ್ಮ ಹಿಡಿದೇ ನಿಂತಿದ್ದಳು.

ನಾನು ಎರಡೂ ಕೈ ಎತ್ತಿದೆ. ಬಾಡಿಗೆ ಕೋಟು ಕಂಕುಳಿಂದ ಸೊಂಟದವರೆಗೂ ಪರ್ ಅಂತ ಹರೀತು.

"ಐದು ಬಂತು" ಅಂದೆ.