ಒಬ್ಬೆಗೆ ಒಂದೇ ಗೋಡಂಬಿ

ಒಂದು ಚಕ್ರ ಮಾತ್ರ ಕಿರ್ರೆನ್ನುತ್ತಿದೆ, ಮಿಕ್ಕ ಮೂರೂ ಸುಮ್ಮನೆ ಉರುಳುತ್ತಿವೆ, ಆಸ್ಪತ್ರೆಯ ಔಷಧಿ ಗಾಡಿ ತಳ್ಳುವವಳಿಗೆ ಕೇಳಿ ಕೇಳಿ ಕಿವಿ ಒಗ್ಗಿಹೋಗಿರಬೇಕು, ಒಂದು ಹನಿ ಮೆಷಿನ್ ಎಣ್ಣೆ ಬಿಟ್ಟರೆ ಸಾಕು, ಮನೆಯಲ್ಲಿ ಹೊಲಿಗೆ ಮೆಷಿನ್ನಿನ ಖಾನೆಯಲ್ಲೇ ಇದೆ ಎಣ್ಣೆ, ನಿನ್ನೆ ಹಾಕಿದ್ದರೆ, ನಾಳೆ ಹಾಕಿದರಾಯಿತು ಎಂದು ಬಿಡದೆ ನಿನ್ನೆಯೇ ಹಾಕಿದ್ದರೆ, ಮೆಷಿನ್ನು ಅಷ್ಟು ಗಡಗಡ ಅನ್ನುತ್ತಿರಲಿಲ್ಲ, ಅತ್ತೆ ಕೆಮ್ಮಿದ್ದು ಕೇಳಿಸುತ್ತಿತ್ತು. ಎರಡು ನಿಮಿಷ, ಒಂದು ಪ್ಯಾಂಟಿನ ಎರಡು ಕಾಲು ಮಡಚಿ ಹೊಲಿಯುವಷ್ಟು ಹೊತ್ತು. ತೊಡೆಯ ಮೇಲೆ ಸ್ಟೀಲ್ ಡಬ್ಬಿ, ಬರುವಾಗ ಸೀರೆಯ ಮೇಲೂ ಬಿಸಿ ಹತ್ತುತ್ತಿತ್ತು, ಈಗ ತಣ್ಣಗೆ — ಅಮ್ಮಾ, ಏನು ತಿಂದಿದ್ರೋ ಅದನ್ನ ತಗೊಂಡು ಬನ್ನಿ, ಡಾಕ್ಟ್ರು ಕೇಳ್ತಾರೆ ಅಂದ ಆಂಬುಲೆನ್ಸಿನವನು, ಅವಳು ತಟ್ಟೆಯಲ್ಲಿದ್ದದ್ದನ್ನು ಹಾಗೆಯೇ ಡಬ್ಬಿಗೆ ಬಗ್ಗಿಸಿ ಮುಚ್ಚಳ ಒತ್ತಿದಳು, ನೋಡಲಿಲ್ಲ, ನೋಡಬಾರದೆಂದೇ ನೋಡಲಿಲ್ಲ. ಡಾಕ್ಟರು ಕೇಳಿಯೂ ಕೇಳಿದರು, ಡಬ್ಬಿಯನ್ನು ಮಾತ್ರ ಕೇಳಲಿಲ್ಲ. ಏನು ತಿಂದ್ರು? ಇಡ್ಲಿ. ಬರೀ ಇಡ್ಲಿನಾ, ಗಟ್ಟಿಯಾಗಿ ಏನಾದ್ರೂ ಇತ್ತಾ? ಬರೀ ಇಡ್ಲಿ, ಮೆತ್ತಗಿನದು. ಅವಳು ಯೋಚಿಸುವ ಮುಂಚೆಯೇ ಬಾಯಿ ಹೇಳಿ ಮುಗಿಸಿತ್ತು. ಹಾಗಾದ್ರೆ ಕಾದು ನೋಡೋಣ, ಇಡ್ಲಿ ಚೂರು ತಾನೇ ಕರಗುತ್ತೆ, ಗಟ್ಟಿ ಪದಾರ್ಥ ಆಗಿದ್ರೆ ಶ್ವಾಸನಾಳಕ್ಕೆ ನಳಿಗೆ ಇಳಿಸಿ ತೆಗೀಬೇಕಿತ್ತು, ಎಕ್ಸ್-ರೇಯಲ್ಲಿ ಎಲ್ಲಾನೂ ಕಾಣಲ್ಲ, ಈ ವಯಸ್ಸಲ್ಲಿ ಸುಮ್ಮಸುಮ್ಮನೆ ಅದೆಲ್ಲ ಯಾಕೆ, ಎಂದು ಒಳಗೆ ಹೋದರು. ಬಾಗಿಲು ತಾನೇ ಮುಚ್ಚಿಕೊಂಡಿತು.

ಮೆತ್ತಗಿನದು, ಆರು ತಿಂಗಳಿಂದ ಮೆತ್ತಗಿನದೇ. ಲಕ್ವ ಹೊಡೆದು ಅತ್ತೆಯ ಬಲಗೈ, ಬಲಗಾಲು, ಅರ್ಧ ಬಾಯಿ ಬಿದ್ದುಹೋದ ಮೇಲೆ ನುಂಗುವುದನ್ನು ಹೇಳಿಕೊಡಲು ಬಂದ ಹುಡುಗಿ ಒಂದು ಪಟ್ಟಿ ಬರೆದು ಫ್ರಿಜ್ಜಿಗೆ ಅಂಟಿಸಿದಳು, ಮೆತ್ತಗಿರಲಿ, ಒದ್ದೆಯಿರಲಿ, ಕಾಳು ಬೇಡ, ಬೀಜ ಬೇಡ, ಕಡಲೆ ಗೋಡಂಬಿ ಹೆಸರೇ ಎತ್ತಬೇಡಿ, ಆ ಸಾಲಿನ ಕೆಳಗೆ ಕೆಂಪು ಗೆರೆ ಎರಡು ಸಲ. ಬೆಳಿಗ್ಗೆ ಇಡ್ಲಿ, ಸಂಜೆ ಇಡ್ಲಿ, ಸಾರಿನಲ್ಲಿ ನೆನೆಸಿ ಹಿಸುಕಿದ ಇಡ್ಲಿ, ನಾಲ್ಕನೇ ದಿನ ಅತ್ತೆ ತುಟಿ ಬಿಗಿಹಿಡಿದರು, ಚಮಚ ಹಲ್ಲಿಗೆ ತಾಗಿ ವಾಪಸು. ಸರಿ, ಹಠಕ್ಕೆ ಹಠ — ಮರುದಿನ ಬೀಟ್‌ರೂಟ್ ರುಬ್ಬಿ ಸೋಸಿ ಹಿಟ್ಟಿಗೆ ಬೆರೆಸಿದಳು, ಆವಿಯಿಂದ ಕೆಂಪಗೆ ಉಬ್ಬಿ ಬಂತು, ಅತ್ತೆ ಅರ್ಧ ಬಾಯಲ್ಲೇ, ಏ ಹುಡುಗಿ, ಇದು ಇಡ್ಲಿನೋ ಸೋಪೋ? ಮದುವೆಯಾಗಿ ಇಪ್ಪತ್ತೆರಡು ವರ್ಷ, ತಲೆ ಅರ್ಧ ನರೆತಿದೆ, ಇನ್ನೂ ಹುಡುಗಿ. ಸೊಪ್ಪು ರುಬ್ಬಿ ಹಾಕಿದರೆ, ಪಾಚಿ ಕಟ್ಟಿದೆ ನೋಡು, ತೊಳೆದು ತಾ. ರಾಗಿಯದು ಮಾಡಿದರೆ, ಹೊಸದಾಗಿ ಬಂದಾಗ ನೀನು ಬಿಳೀದು ಮಾಡಿದ್ರೂ ಹೀಗೇ ಇತ್ತು. ಲೋಟದಲ್ಲಿ ಬೇಯಿಸಿ ಉದ್ದಕ್ಕೆ ತೆಗೆದಳು, ಕುಂಬಳಕಾಯಿ ಬೆರೆಸಿದಳು, ಬಾಳೆಹಣ್ಣು ಕಿವುಚಿ ಸಿಹಿ ಮಾಡಿದಳು, ಅಂಗಿ ಗುಂಡಿಯಷ್ಟು ಪುಟಾಣಿಗಳನ್ನು ಮಾಡಿ ತಟ್ಟೆ ತುಂಬ ಹರಡಿದಳು, ಇವನ್ನ ತಿನ್ನಬೇಕೋ ಕಾಜಾ ತೆಗೆದು ಹೊಲೀಬೇಕೋ? ಬೈಯುತ್ತ ಬೈಯುತ್ತ ತಿಂದರು, ಬೈಯಲು ಬಾಯಿ ತೆರೆದಾಗಲೇ ಚಮಚ ಒಳಗೆ, ಅದೇ ಅವಳ ಉಪಾಯ. ಮಲಗುವ ಮುಂಚೆ ನಾಳೆ ಯಾವ ಬಣ್ಣ ಎಂದು ಯೋಚನೆ, ಎದ್ದ ಕೂಡಲೇ ಇವತ್ತು ಏನೆಂದು ಬೈತಾರೋ ಎಂದು ಕುತೂಹಲ, ಅವಳಿಗೆ ಅದು ಖುಷಿ ಕೊಡುತ್ತಿತ್ತು, ಹೌದು, ಖುಷಿಯೇ, ಇಷ್ಟು ವರ್ಷ ಒಂದೇ ಮನೆಯಲ್ಲಿದ್ದು ಅವರಿಬ್ಬರೂ ಕೂತು ನಕ್ಕಿದ್ದು ಈ ಆರು ತಿಂಗಳಲ್ಲೇ. ಕ್ಯಾರೆಟ್ಟಿಗೆ ಒಂಚೂರು ಶುಂಠಿ ರಸ ಬಿಟ್ಟ ದಿನ ಅತ್ತೆ ಬೈಯಲಿಲ್ಲ, ನುಂಗಿದರು, ಆಮೇಲೆ, ಇದು ಆಗಬಹುದು. ಅವಳು ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತಳು.

ಗೋಡಂಬಿ, ಅರ್ಧ ಹೋಳು. ಅತ್ತೆಯ ಕಾಲು ಗಟ್ಟಿಯಿದ್ದಾಗ ಅಡುಗೆಮನೆ ಅವರದು, ಒಬ್ಬೆಗೆ ಒಂದೇ ಗೋಡಂಬಿ, ಒಂದು ಸಲ ಪಾತ್ರೆ ತುಂಬ ಬೇಯಿಸಿದರೆ ಅಷ್ಟಕ್ಕೂ ಅರ್ಧ ಹೋಳು ಒಂದೇ, ಎಣ್ಣೆ ಸವರಿದ ಗುಳಿಯಲ್ಲಿ ಮೊದಲು ಹೋಳು ಇಟ್ಟು ಮೇಲೆ ಹಿಟ್ಟು ಬಿಡುವುದು, ಬೆಂದ ಮೇಲೆ ಬೋರಲು ಹಾಕಿದರೆ ಇಡ್ಲಿಯ ನೆತ್ತಿಯಲ್ಲಿ ಅದು ಹೊಳೆಯುತ್ತ ಕೂತಿರುತ್ತಿತ್ತು. ಯಾವ ತಟ್ಟೆಗೆ ಹೋಗಬೇಕೆಂದು ಅತ್ತೆಯ ಕೈಗೆ ಗೊತ್ತು. ಪರೀಕ್ಷೆಯಿದ್ದರೆ ಮೊಮ್ಮಗನಿಗೆ, ಲಾರಿ ಹೊರಡುವ ದಿನ ಮಗನಿಗೆ, ಗಂಡನ ಮನೆಯಿಂದ ಬಂದಾಗಲೆಲ್ಲ ಮಗಳಿಗೆ. ಸೊಸೆಯಾದ ಅವಳಿಗೆ ಇಲ್ಲ. ಒಮ್ಮೆ, ಬಸುರಿ, ಏಳು ತಿಂಗಳು, ಗೋಡಂಬಿಯ ಇಡ್ಲಿ ಸೌಟಿನ ಮೇಲೆ ತನ್ನತ್ತಲೇ ಬಂದ ಹಾಗಾಯಿತು, ತಟ್ಟೆ ಮುಂದೆ ಮಾಡಿದಳು, ಸೌಟು ಅವಳನ್ನು ದಾಟಿ ಪಕ್ಕಕ್ಕೆ ಹೋಯಿತು, ಚಾಚಿದ ತಟ್ಟೆಯನ್ನು ಹೇಗೆ ಹಿಂದಕ್ಕೆ ತರುವುದೆಂದು ತಿಳಿಯದೆ, ನೀರು ಬೇಕಿತ್ತು ಅಂದಳು. ಅರ್ಧ ಗೋಡಂಬಿಗೆ ಯಾರಾದರೂ ಹೊಟ್ಟೆ ಉರಿಸಿಕೊಳ್ಳುತ್ತಾರೆಯೇ, ಉರಿಸಿಕೊಂಡಿದ್ದಳು, ವರ್ಷಗಟ್ಟಲೆ. ಮೊನ್ನೆ ಅತ್ತೆ, ತಟ್ಟೆ ನೋಡುತ್ತಾ, ಏ ಹುಡುಗಿ, ನಂಗ್ಯಾರೂ ಹಾಕ್ಲೇ ಇಲ್ವಲ್ಲೇ. ಏನು ಅತ್ತೆ? ಗೋಡಂಬಿ, ಹಾಕೋಳೂ ನಾನೇ, ಬಡಿಸೋಳೂ ನಾನೇ, ನನ್ನ ತಟ್ಟೆಗೆ ಯಾರು ಹಾಕ್ತಾರೆ? ಅಲ್ಲ ಅತ್ತೆ, ನಂಗೂ ಯಾರೂ ಹಾಕಿಲ್ಲ ಎನ್ನಬೇಕೆಂದು ನಾಲಿಗೆ ತುದಿಯವರೆಗೆ ಬಂತು, ಮುಂದಿನ ಚಮಚ ತುಂಬಿದಳು.

ಇವತ್ತು ಬಣ್ಣವಿಲ್ಲ, ಸೊಪ್ಪಿಲ್ಲ, ಬರೀ ಬಿಳಿ, ಗುಳಿಯಲ್ಲಿ ಮೊದಲು ಅರ್ಧ ಹೋಳು — ತೋರಿಸಲಿಕ್ಕೆ ಮಾತ್ರ, ತೋರಿಸಿ, ಉಗುರಿನಿಂದ ಎಬ್ಬಿಸಿ ತೆಗೆದು, ಆಮೇಲೆ ತಿನ್ನಿಸುವುದು, ಹಾಗೆಂದೇ ಹಾಕಿದ್ದು. ಹಾಗೆಂದೇ ತಾನೇ? ಆ ದಾಟಿಹೋದ ಸೌಟು ಮನಸ್ಸಿನ ಮೂಲೆಯಲ್ಲೆಲ್ಲೋ ಇರಲಿಲ್ಲ ತಾನೇ, ಇಲ್ಲ, ದೇವರಾಣೆ ಇಲ್ಲ, ತಟ್ಟೆ ಹಿಡಿದಾಗ ಅತ್ತೆಯ ಅರ್ಧ ಮುಖ ನಕ್ಕಿತು, ನಗದ ಅರ್ಧದ ಕಣ್ಣಲ್ಲಿ ನೀರು, ಅದನ್ನು ನೋಡಿ ಇವಳಿಗೂ, ಅಷ್ಟರಲ್ಲಿ ಬಾಗಿಲಲ್ಲಿ ಬ್ಯಾಂಕಿನ ವಾಚ್‌ಮನ್, ಅಕ್ಕಾ, ಪ್ಯಾಂಟು ಆಯ್ತಾ, ಡ್ಯೂಟಿಗೆ ಹೊತ್ತಾಯ್ತು. ಮುಟ್ಟಬೇಡಿ ಅತ್ತೆ, ಬಂದೆ. ತಟ್ಟೆಯನ್ನು ಸ್ಟೂಲಿನ ಮೇಲಿಟ್ಟಳು, ಎಡಗಡೆ. ಎಡಗಡೆಯೇ ಯಾಕೆ, ಆರು ತಿಂಗಳಿಂದ ಎಲ್ಲವನ್ನೂ ಎಡಗಡೆಗೇ ಇಟ್ಟು ಅಭ್ಯಾಸ, ನೀರಿನ ಲೋಟ, ಬಾಚಣಿಗೆ, ಕನ್ನಡಕ, ಎಡಗೈಗೆ ಕೆಲಸ ಕಲಿಸಬೇಕಲ್ಲ, ಕಲಿತಿತ್ತು, ಚೆನ್ನಾಗಿಯೇ ಕಲಿತಿತ್ತು. ಮೆಷಿನ್ನು ಗಡಗಡ, ಒಂದು ಕಾಲು, ಇನ್ನೊಂದು ಕಾಲು, ದಾರ ಕಚ್ಚಿ ಕತ್ತರಿಸಿ ತಿರುಗಿದರೆ ಅತ್ತೆಯ ತುಟಿ ನೀಲಿ.

ಅತ್ತಿಗೆ. ಪಕ್ಕದಲ್ಲಿ ನಾದಿನಿ, ಅತ್ತೆಯ ಮಗಳು, ಪಾಠ ಬಿಟ್ಟು ಶಾಲೆಯಿಂದ ಹಾಗೇ ಓಡಿಬಂದಿದ್ದಾಳೆ, ಇವಳ ಭುಜದ ಮೇಲಿಟ್ಟ ಕೈಯ ಬೆರಳುಗಳಲ್ಲಿ ಸೀಮೆಸುಣ್ಣ, ಅತ್ತಿಗೆ, ಅಣ್ಣನ ಲಾರಿ ಇನ್ನೂ ದೂರ ಇದೆಯಂತೆ, ನೀವು ಹೆದರ್ಕೋಬೇಡಿ, ಹೆತ್ತ ಮಗಳು ನಾನು ಮಾಡ್ಲಿಲ್ಲ, ನೀವು ಮಾಡಿದ್ರಿ, ನೀವಿಲ್ಲದಿದ್ರೆ ಅಮ್ಮ ಆವಾಗ್ಲೇ ಹೋಗಿಬಿಡ್ತಿದ್ರು. ಬೈದಿದ್ದರೆ ಎಷ್ಟು ಸಲೀಸಾಗಿರುತ್ತಿತ್ತು. ಕುತ್ತಿಗೆ ತಗ್ಗಿಸಿ ಹೂಂ ಅಂದಳು. ಹೇಳಿದರೆ ಈ ಕೈ ಭುಜದಿಂದ ಎದ್ದುಹೋಗುತ್ತದೆ, ಪಟ್ಟಿಯಲ್ಲಿ ಕೆಂಪು ಗೆರೆ ಇತ್ತಲ್ಲ ಅತ್ತಿಗೆ, ಎರಡು ಗೆರೆ, ಓದಕ್ಕೆ ಬರಲ್ವಾ, ಎನ್ನುತ್ತಾಳೆ. ಆದರೆ ಗೋಡಂಬಿ ಡಬ್ಬಿಯಲ್ಲೇ ಇರಬಹುದು, ಇರಬೇಕು, ಅತ್ತೆ ಪಕ್ಕದ ಇಡ್ಲಿಯನ್ನೇ ಮುರಿದಿರಬಹುದು, ಮುಚ್ಚಳ ತೆರೆಯುವವರೆಗೂ ಅದು ಅಲ್ಲೇ ಇದೆ, ನೆತ್ತಿಯ ಮೇಲೆ, ಹೊಳೆಯುತ್ತ. ಗಾಜಿನಾಚೆ ನರ್ಸು ಇನ್ನೊಬ್ಬಳನ್ನು ಕರೆದಳು, ಯಾವುದೋ ಯಂತ್ರ ಬೇಗ ಬೇಗ ಕೂಗುತ್ತಿದೆ. ನೀವೂ ಏನೂ ತಿಂದಿಲ್ಲ ಅಲ್ವಾ, ಡಬ್ಬೀಲೇನಿದೆ, ಎರಡು ತುತ್ತು ತಿನ್ನಿ ಅತ್ತಿಗೆ, ನಾದಿನಿಯ ಇನ್ನೊಂದು ಕೈ ಮುಚ್ಚಳದ ಮೇಲೆ, ಅವಳ ಕೈ ಅದರ ಮೇಲೆ, ಹಳಸಿದೆ ಎಂದುಬಿಡಬಹುದು, ತಣ್ಣಗಾಗಿದೆ ಬೇಡ ಎಂದುಬಿಡಬಹುದು, ದೂರದಲ್ಲಿ ಆ ಒಂದು ಚಕ್ರ ಮತ್ತೆ ಕಿರ್ರ್, ಕಿರ್ರ್, ಕೆಮ್ಮಿದ ಹಾಗೆ, ಯಾರಿಗೂ ಕೇಳಿಸದೆ ಕೆಮ್ಮಿದ ಹಾಗೆ. ನಾದಿನಿಯ ಕೈಯನ್ನು ಸರಿಸಿ ಅವಳೇ ಮುಚ್ಚಳ ತೆಗೆದಳು.

ಆವಿಯ ನೀರು ತೊಟ್ಟಿಕ್ಕಿತು. ಎರಡು ಇಡ್ಲಿ, ಒಂದು ಇಡಿಯಾಗಿದೆ, ಇನ್ನೊಂದೂ ಇಡಿಯಾಗಿದೆ, ಯಾರೂ ಮುರಿದಿಲ್ಲ, ಇಡ್ಲಿಯನ್ನು ಅತ್ತೆ ತಿಂದೇ ಇಲ್ಲ — ಎರಡನೆಯದರ ನೆತ್ತಿಯಲ್ಲಿ ಎಡಗೈ ಹೆಬ್ಬೆರಳಿನ ಗುರುತು, ಗುರುತಿನ ಪಕ್ಕ ಒಂದು ಕುಳಿ. ನಾದಿನಿ ನೋಡಿದಳು, ಗೋಡಂಬಿ ಕಿತ್ತು ತಿಂದು ಬೆಳೆದವಳಿಗೆ ಆ ಕುಳಿಯನ್ನು ಯಾರೂ ವಿವರಿಸಬೇಕಿರಲಿಲ್ಲ, ಭುಜದ ಮೇಲಿನ ಕೈ ನಿಧಾನವಾಗಿ ಎದ್ದುಹೋಯಿತು. ಅವಳು ಆಗಲೇ ಓಡುತ್ತಿದ್ದಾಳೆ, ಬಾಗಿಲು ತಳ್ಳುತ್ತಿದ್ದಾಳೆ, ಡಾಕ್ಟ್ರೇ, ಸುಳ್ಳು ಹೇಳಿದೆ, ಗೋಡಂಬಿ ಇತ್ತು, ನಾನೇ ಹಾಕಿದ್ದು, ನಳಿಗೆ ಇಳಿಸಿ, ಯಾರೋ ಅವಳನ್ನು ಹಿಡಿದು ಹೊರಗೆ ನಿಲ್ಲಿಸಿದರು, ಒಳಗೆ ಓಡಾಟ, ಬಾಗಿಲು ಮುಚ್ಚಿತು, ಕೈಯಲ್ಲಿ ಇನ್ನೂ ತೆರೆದ ಡಬ್ಬಿ, ಡಬ್ಬಿಯಲ್ಲಿ ಇಡ್ಲಿ, ಇಡ್ಲಿಯಲ್ಲಿ ಕುಳಿ, ನುಣ್ಣಗಿನ ಕುಳಿ, ಒಂದು ಕಡೆ ಬಾಗಿದ, ಅರ್ಧ ಹೋಳಿನಷ್ಟೇ ಉದ್ದದ ಕುಳಿ.