ಹದಿನೇಳನೇ ನಂಬರಿನ ಮರ

ಮೂರನೇ ಅಂಗಿಯ ತೋಳಲ್ಲೂ ತೂತಿತ್ತು. ಹೆಂಡತಿ ಅದನ್ನು ಬೆಳಕಿಗೆ ಹಿಡಿದು ನೋಡಿ, ಮಡಿಸಿ ಮಂಚದ ಮೇಲಿಟ್ಟು, ಬೀರುವಿನಿಂದ ನಾಲ್ಕನೆಯದನ್ನು ಎಳೆದಳು. ಅದರ ಎದೆಯ ಮೇಲೆ ಕಿಡಿ ಬಿದ್ದ ಗುರುತು ಐದಾರಿದ್ದವು.

"ಒಂದಾದ್ರೂ ನೆಟ್ಟಗಿರೋದು ಇಲ್ವಾ ಅತ್ತಿಗೆ?" ಎಂದಳು ನಾದಿನಿ. ಪಕ್ಕದ ಕೋಣೆಯಲ್ಲಿ ಅವಳ ಅಣ್ಣನ ಹೆಣ ಬನಿಯನ್ನಿನಲ್ಲೇ ಕಾಯುತ್ತಿತ್ತು.

"ವರ್ಷಕ್ಕೊಂದು ಹೊಸ ಅಂಗಿ ತೂತು ಮಾಡ್ಕೊಂಡು ಬರೋರು. ಮದುವೆ ಅಂಗೀನೂ ಬಿಟ್ಟಿಲ್ಲ."

ಎಲ್ಲರೂ ಅವನನ್ನು ಬೆಂಕಿಯಣ್ಣ ಎನ್ನುತ್ತಿದ್ದರು. ಸಂಶೋಧನಾ ಕೇಂದ್ರದ ಬಯಲಿಗೆ ವರ್ಷಕ್ಕೊಮ್ಮೆ, ಗೊತ್ತಾದ ಒಂದೇ ತಾರೀಖಿಗೆ, ಬೆಂಕಿ ಇಟ್ಟು ಅದರ ಲೆಕ್ಕ ಬರೆಯುವುದು ಅವನ ಕೆಲಸ. ಹುಲ್ಲೂ ಮರವೂ ಒಂದೇ ನೆಲದಲ್ಲಿ ಹೇಗೆ ಹೊಂದಿಕೊಂಡು ಬಾಳುತ್ತವೆ ಎಂದು ತಿಳಿಯಲು ಆ ಬಯಲನ್ನು ಮೂರು ಪ್ಲಾಟು ಮಾಡಿದ್ದರು. ಮೊದಲನೆಯದಕ್ಕೆ ಬೆಂಕಿ ಸೋಕಿಸುತ್ತಿರಲಿಲ್ಲ. ಅಲ್ಲಿ ಮರಗಳು ಒತ್ತಾಗಿ ಬೆಳೆದು, ನೆರಳಿಗೆ ಹುಲ್ಲೇ ಸತ್ತಿತ್ತು. ಎರಡನೆಯದಕ್ಕೆ ಐದು ವರ್ಷಕ್ಕೊಮ್ಮೆ. ಅಲ್ಲಿ ಎರಡೂ ಹೇಗೋ ಸಂಸಾರ ಮಾಡಿಕೊಂಡಿದ್ದವು. ಮೂರನೆಯದಕ್ಕೆ ಪ್ರತಿವರ್ಷ. ಅಲ್ಲಿ ಎದೆಮಟ್ಟದ ಹುಲ್ಲು, ಹುಲ್ಲಿನೊಳಗೆ ಮೊಣಕಾಲುದ್ದದ ಸಸಿಗಳು, ಮತ್ತೆ ಎರಡಾಳೆತ್ತರದ ಒಂದೇ ಒಂದು ಮರ, ಹದಿನೇಳನೇ ನಂಬರು. ಅದೊಂದು ಮಾತ್ರ ಹೇಗೆ ಪಾರಾಯಿತು ಎಂದು ಕೇಂದ್ರದ ಮೇಡಂ ತಮ್ಮ ಪುಸ್ತಕದಲ್ಲಿ ಒಂದು ಅಧ್ಯಾಯವನ್ನೇ ಬರೆದಿದ್ದರು. ಬುಡದಲ್ಲಿರುವ ಗೆದ್ದಲ ಹುತ್ತ ಕಾರಣ ಎಂದು.

ಈ ವರ್ಷದ ತಾರೀಖು ಇವತ್ತೇ. ಅವನು ತೀರಿಕೊಂಡದ್ದು ನಿನ್ನೆ.

ಕೊನೆಯ ಅಂಗಿಯ ಕೆಳಗೆ ಒಂದು ಸಣ್ಣ ನೋಟುಪುಸ್ತಕವಿತ್ತು. ನಾದಿನಿ ತೆರೆದು ಓದಿದಳು. "ಹದಿನೇಳಕ್ಕೆ ನೀರು ಎರಡು ಬಕೆಟ್. ಒದ್ದೆ ಗೋಣಿ ಒಂದು. ಸುತ್ತ ಉಳಿದ ಹುಲ್ಲು ಆಮೇಲೆ ಕೊಯ್ದು ಬೇರೆಯಾಗಿ ಸುಟ್ಟದ್ದು." ವರ್ಷಕ್ಕೊಂದರಂತೆ ಇಪ್ಪತ್ತೆರಡು ಸಾಲು, ತಾರೀಖಿನ ಸಮೇತ.

"ಕಳ್ಳತನ ಮಾಡಿ ರಸೀದಿ ಇಟ್ಕೊಂಡಿದಾನಲ್ಲ ನಮ್ಮಣ್ಣ!"

"ಮೇಡಂ ಕೈಗೆ ಕೊಡು ಅಂದಿದ್ರು. ಬದುಕಿರೋವಾಗ ಕೊಡೋಕೆ ಮುಖ ಇಲ್ಲ ಅಂತ."

"ಒಲೆಗೆ ಹಾಕಿ ಅತ್ತಿಗೆ. ಅವನು ಸಂಪಾದಿಸಿದ್ದು ಒಳ್ಳೆ ಹೆಸರೊಂದೇ. ಮಣ್ಣು ಮಾಡೋ ದಿನಾನೇ ಅದಕ್ಕೆ ಮಸಿ ಬಳೀಬೇಕಾ?"

ಹೆಂಡತಿ ಪುಸ್ತಕವನ್ನು ತನ್ನ ಚೀಲಕ್ಕೆ ಹಾಕಿಕೊಂಡಳು. ಆಮೇಲೆ ಕಿಡಿ ಬಿದ್ದ ನಾಲ್ಕನೇ ಅಂಗಿಯನ್ನೇ ಕೈಗೆತ್ತಿಕೊಂಡಳು. "ಇದೇ ಇರ್ಲಿ. ನೆಟ್ಟಗಿರೋದು ಹಾಕಿದ್ರೆ ಯಾರಿಗೂ ಗುರುತು ಸಿಗಲ್ಲ."

*

ಅವನು ಕೆಲಸಕ್ಕೆ ಸೇರಿದ ಒಂಬತ್ತನೇ ವರ್ಷ ಮೇಡಂ ಮೂರನೇ ಪ್ಲಾಟಿನ ಒಂದು ಸಸಿಯನ್ನು ಬೇರುಸಹಿತ ಅಗೆಸಿದ್ದರು. ಕಾಂಡ ಬೆರಳಿನಷ್ಟು. ಅಗೆಯುತ್ತ ಹೋದರೆ ಬೇರು ಅವನ ತೊಡೆಯಷ್ಟು ದಪ್ಪ. ಪ್ರತಿ ಬೆಂಕಿಗೂ ಮೇಲಿನದು ಸುಟ್ಟುಹೋಗುತ್ತದೆ, ಬೇರಿನಿಂದ ಮತ್ತೆ ಚಿಗುರುತ್ತದೆ, ಇದಕ್ಕೆ ನಲವತ್ತು ವರ್ಷವಾದರೂ ಆಗಿರಬೇಕು ಎಂದಿದ್ದರು ಮೇಡಂ.

ಅಂದು ರಾತ್ರಿ ಅವನು ತಟ್ಟೆಯನ್ನು ಪಕ್ಕಕ್ಕೆ ಸರಿಸಿದ.

"ಅದು ನನಗಿಂತ ದೊಡ್ಡದು ಕಣೆ. ಇನ್ನೂ ಮೊಣಕಾಲುದ್ದ. ನಾನೇ ವರ್ಷಾ ವರ್ಷಾ ತಲೆ ಕಡೀತಿದೀನಿ."

"ಸಂಬಳ ಕೊಡೋದೇ ಅದಕ್ಕಲ್ವಾ? ಊಟ ಮಾಡಿ."

"ನಾಲ್ಕೈದು ವರ್ಷ ಸುಡದೆ ಬಿಟ್ರೆ ಸಾಕಂತೆ. ಆಮೇಲೆ ಬೆಂಕಿ ಕೈಗೆ ಸಿಗಲ್ವಂತೆ." ತಟ್ಟೆ ಹತ್ತಿರಕ್ಕೆ ಎಳೆದುಕೊಳ್ಳುತ್ತ, "ಅಷ್ಟೊಂದು ಸಸೀಲಿ ಒಂದನ್ನ ಬಿಟ್ರೆ ಯಾರಿಗೇನು ಗೊತ್ತಾಗುತ್ತೆ?" ಎಂದ.

ಎಳ್ಳಷ್ಟೂ ಸುಳ್ಳು ಹೇಳದ ಮನುಷ್ಯ. ಅವಳಿಗೆ ನಗು ಬಂದಿತ್ತು.

*

ಗುಂಡಿಗೆ ಮಣ್ಣು ಬಿದ್ದ ಮೇಲೆ ಕೇಂದ್ರದ ಗೇಟಿನ ಕಾವಲುಗಾರ ಮೂಗೊರೆಸಿಕೊಂಡ. "ಹೊಟ್ಟೆಕಿಚ್ಚು ಒಂದು ಬಿಟ್ಟು ಎಲ್ಲಾ ಕಿಚ್ಚೂ ಗೊತ್ತಿತ್ತು ಬೆಂಕಿಯಣ್ಣಂಗೆ."

ತಲೆಯೆಲ್ಲ ಬೆಳ್ಳಗಾದ ಮೇಡಂ ಮುಂದೆ ಬಂದರು. "ಮೂವತ್ತೊಂದು ವರ್ಷ. ಅವರು ಬರೆದ ಒಂದು ಅಂಕಿಯನ್ನೂ ನಾನು ತಿದ್ದಿಲ್ಲ."

ಹೆಂಡತಿಯ ಕೈ ಚೀಲಕ್ಕೆ ಹೋಯಿತು. ನಾದಿನಿ ಹಿಂದಿನಿಂದ ಅವಳ ಮೊಣಕೈ ಒತ್ತಿದಳು.

"ಮೇಡಂ, ಇವತ್ತು ಬೆಂಕಿ ಇಡಲ್ವಾ?" ಎಂದಳು ಹೆಂಡತಿ.

"ಇವತ್ತು ಬೇಡ ಬಿಡಿ. ಒಂದು ವಾರ ತಡ ಆದ್ರೆ ಪ್ರಪಂಚ ಮುಳುಗಲ್ಲ."

"ಮುಳುಗುತ್ತೆ ಅಂತ ಅವರು ನಂಬಿದ್ರು. ಜ್ವರದಲ್ಲೂ ಎದ್ದು ಬಂದಿದಾರೆ." ಅವಳು ಚೀಲದಿಂದ ಪುಸ್ತಕ ತೆಗೆದು ಮೇಡಂ ಕೈಗಿಟ್ಟಳು. "ಇಡೋಕೆ ಮುಂಚೆ ಇದನ್ನ ಓದಿ."

ಮೇಡಂ ನಿಂತಲ್ಲೇ ಓದಿದರು. ಕೊನೆಯವರೆಗೆ ಹೋಗಿ ಮತ್ತೆ ಮೊದಲ ಪುಟಕ್ಕೆ ಬಂದರು. ಅವರ ಕಿವಿ ಕೆಂಪಾಗಿತ್ತು.

"ಹುತ್ತ ಅಂತ ಬರೆದೆ. ಪುಸ್ತಕ ಅಚ್ಚಾಗಿ ಹದಿನೈದು ವರ್ಷ ಆಯ್ತು. ಪಕ್ಕದಲ್ಲೇ ನಿಂತು, ಹೌದು ಮೇಡಂ, ಹುತ್ತಾನೇ ಇರ್ಬೇಕು ಅಂದ್ರು."

"ಬೈಬೇಕು ಅನ್ಸಿದ್ರೆ ಬೈರಿ. ಅವರಿಗೆ ಕೇಳ್ಸಲ್ಲ, ನನಗೆ ಕೇಳ್ಸುತ್ತೆ."

ಮೇಡಂ ಪುಟದ ಮೇಲೆ ಬೆರಳಿಟ್ಟು ಎಣಿಸಿದರು. "ಆರನೇ ವರ್ಷದಿಂದ ಈಚೆಗೆ ನೀರೇ ಬೇಕಿರ್ಲಿಲ್ಲ. ಕೊಂಬೆ ಬೆಂಕಿಗೆ ಎಟುಕದಷ್ಟು ಮೇಲೆ ಹೋಗಿತ್ತು."

"ಅವರಿಗೂ ಗೊತ್ತಿತ್ತು."

"ಮತ್ಯಾಕೆ?"

"ಬರಿಗೈಲಿ ಅದರ ಮುಂದೆ ಹೋಗೋಕೆ ನಾಚಿಕೆ ಆಗುತ್ತೆ ಅಂತಿದ್ರು."

ಮಧ್ಯಾಹ್ನ ಗಾಳಿ ಇಳಿಯಿತು. ತಾರೀಖು ತಪ್ಪಿಸುವುದು ಬೇಡ ಎಂದರು ಮೇಡಂ. ಕೇಂದ್ರದ ಜೀಪಿನ ಡ್ರೈವರು ಪಂಜು ಹಿಡಿದು ಮೂರನೇ ಪ್ಲಾಟಿನ ಅಂಚಿನಲ್ಲಿ ನಿಂತ. ಹೆಂಡತಿ ಕೈಕಟ್ಟಿಕೊಂಡು ಹದಿನೇಳನೇ ಮರವನ್ನು ನೋಡುತ್ತಿದ್ದಳು. ಮೇಡಂ ಸಣ್ಣ ಪುಸ್ತಕವನ್ನು ಬಿಡಿಸಿ, ಅವನ ಕೊನೆಯ ಸಾಲಿನ ಕೆಳಗೆ ಇವತ್ತಿನ ತಾರೀಖು ಹಾಕಿ, ಪೆನ್ಸಿಲಿನಲ್ಲಿ ನಿಧಾನವಾಗಿ ಏನೋ ಬರೆದರು.

"ನೀರು ಎರಡು ಬಕೆಟ್ ಅಂತ ಬರೆದಿದೀನಿ," ಎಂದರು. "ಬರೆದ ಮೇಲೆ ಸುರೀಲೇಬೇಕು."

ನಾದಿನಿ ನಲ್ಲಿಯ ಕಡೆ ನಡೆದಳು. ಅತ್ತಿಗೆ ನಾದಿನಿ ಇಬ್ಬರೂ ಒಂದೊಂದು ಬಕೆಟ್ ಹೊತ್ತು ಹುಲ್ಲನ್ನು ಸೀಳಿಕೊಂಡು ಹೋಗಿ, ಮರದ ಸುತ್ತ ಸುರಿದು ಬಂದರು. ಮೇಡಂ ಕೈಯೆತ್ತಿದರು. ಡ್ರೈವರು ಪಂಜನ್ನು ಹುಲ್ಲಿಗೆ ತಾಗಿಸಿದ.

ಕಾಲು ಗಂಟೆಯಲ್ಲಿ ಎಲ್ಲ ಮುಗಿಯಿತು. ಬಯಲು ಉದ್ದಕ್ಕೂ ಕರ್ರಗಾಗಿ ಹೊಗೆಯಾಡುತ್ತಿತ್ತು. ನಡುವೆ ಮರ, ಅದರ ಬುಡದ ಸುತ್ತ ಚಾಪೆಯಗಲ ಒಣಹುಲ್ಲು, ಎದೆಮಟ್ಟ, ಹಳದಿ, ಇನ್ನೂ ನೀರು ತೊಟ್ಟಿಕ್ಕುತ್ತ. ಡ್ರೈವರು ಪಂಜು ಹಿಡಿದೇ ಮೇಡಂ ಮುಖ ನೋಡಿದ. ಅವರು ಪುಸ್ತಕ ಮುಚ್ಚಿದರು. ಆ ಹುಲ್ಲನ್ನು ಸುಡಲು ಯಾರೂ ಹೋಗಲಿಲ್ಲ.