ಕಿಟಕಿ ಪಕ್ಕದ ಟೇಬಲ್ಲು

ಮೂರನೆಯ ಹೋಟೆಲಿನಲ್ಲೂ ಅರ್ಧ ದೋಸೆಯನ್ನು ತಟ್ಟೆಯಲ್ಲೇ ಬಿಟ್ಟು ಹಾಲೇಶ ಕೈತೊಳೆಯಲು ಎದ್ದಾಗ, ಟೇಬಲ್ ಒರೆಸಲು ಬಂದ ಸಪ್ಲೈಯರ್ ಮುಖ ಸಣ್ಣದು ಮಾಡಿಕೊಂಡ.

“ಯಾಕೆ ಸಾರ್, ಚೆನ್ನಾಗಿಲ್ವಾ?”

“ಚೆನ್ನಾಗಿದೆ. ಹೊಟ್ಟೆ ತುಂಬಿದೆ ಅಷ್ಟೆ,” ಎಂದ ಹಾಲೇಶ. “ನಾಳೆ ಮಧ್ಯಾಹ್ನ ಇಲ್ಲಿ ರಶ್ ಇರುತ್ತಾ?” ಎಂದು ಕೇಳಿದ.

“ಭಾನುವಾರ ಅಲ್ವಾ ಸಾರ್, ಕಾಲಿಡಕ್ಕೆ ಜಾಗ ಇರಲ್ಲ. ಕೂತವರ ಬೆನ್ನ ಹಿಂದೆ ಇನ್ನೊಬ್ರು ನಿಂತಿರ್ತಾರೆ,” ಎಂದು ಸಪ್ಲೈಯರ್ ಹೆಮ್ಮೆಯಿಂದಲೇ ಹೇಳಿದ.

ಹಾಗಾದರೆ ಇದೂ ಆಗುವುದಿಲ್ಲ ಎಂದುಕೊಂಡು ಹಾಲೇಶ ರಸ್ತೆಗಿಳಿದ. ದೋಸೆ ನಿಜಕ್ಕೂ ಚೆನ್ನಾಗಿತ್ತು. ಆದರೆ ಬೆನ್ನ ಹಿಂದೆ ಯಾರೋ ಕಾಯುತ್ತಿರುವಾಗ ಮಗಳ ಜೊತೆ ಏನು ಮಾತಾಡುವುದು?

ಅವನು ಪುಣೆಯಿಂದ ಆ ದಿನ ಬೆಳಿಗ್ಗೆಯಷ್ಟೇ ಶಿವಮೊಗ್ಗಕ್ಕೆ ಬಂದು ಬಸ್ ನಿಲ್ದಾಣದ ಹತ್ತಿರದ ಲಾಡ್ಜೊಂದರಲ್ಲಿ ಇಳಿದಿದ್ದ. ಮಗಳು ಇಂಪನಾ ಶಂಕರಘಟ್ಟದ ವಿಶ್ವವಿದ್ಯಾಲಯದ ಹಾಸ್ಟೆಲಿನಲ್ಲಿದ್ದು ಎಂ.ಎಸ್ಸಿ. ಓದುತ್ತಿದ್ದಳು. ಯುಗಾದಿಗೊಮ್ಮೆ, ಅವಳ ಹುಟ್ಟುಹಬ್ಬಕ್ಕೊಮ್ಮೆ ಹಾಲೇಶ ಎಸ್‌ಟಿಡಿ ಬೂತಿನಿಂದ ಫೋನು ಮಾಡುತ್ತಿದ್ದ. ಅವಳು ಯಾವಾಗಲೂ “ಹ್ಞೂ”, “ಚೆನ್ನಾಗಿದೀನಿ”, “ಥ್ಯಾಂಕ್ಸ್” ಎಂದು ಮುಗಿಸುತ್ತಿದ್ದಳು. ಈ ಸಲ ಮಾತ್ರ ಫೋನು ಇಡದೆ, “ನೀವು ಈ ಕಡೆ ಬರಕ್ಕಾಗುತ್ತಾ? ಒಂದು ವಿಷಯ ಹೇಳೋದಿದೆ. ಫೋನಲ್ಲಿ ಬೇಡ. ಭಾನುವಾರ ಊಟದ ಹೊತ್ತಿಗೆ ಶಿವಮೊಗ್ಗಕ್ಕೆ ಬರ್ತೀನಿ,” ಎಂದಿದ್ದಳು.

ಅವಳನ್ನು ಅವನು ಕೊನೆಯ ಸಲ ನೋಡಿದಾಗ ಅವಳಿಗೆ ಎಂಟು ವರ್ಷ. ಪುಣೆಯ ಎರಡು ಕೋಣೆಯ ಮನೆಯಲ್ಲಿ ಅವನಿಗೂ ಹೆಂಡತಿ ಪುಷ್ಪಾಳಿಗೂ ಮಾತು ನಿಂತು ಎಷ್ಟೋ ಕಾಲವಾಗಿತ್ತು. ಬೇಸಿಗೆ ರಜೆಗೆಂದು ಮಗಳನ್ನು ಕರೆದುಕೊಂಡು ಭದ್ರಾವತಿಯ ತವರಿಗೆ ಹೋದ ಪುಷ್ಪಾ ಶಾಲೆ ಶುರುವಾದರೂ ಬರಲಿಲ್ಲ. ತಾನಾಗಿಯೇ ಬರುತ್ತಾಳೆ ಎಂದು ಹಾಲೇಶ ಕಾದ. ಬಂದು ಕರೆಯಲಿ ಎಂದು ಬಹುಶಃ ಅವಳೂ ಕಾದಳು. ಮಳೆಗಾಲ ಕಳೆಯಿತು, ದೀಪಾವಳಿ ಕಳೆಯಿತು. ಆಮೇಲೆ ವಕೀಲರು ಬಂದರು. ಹೊಡೆತ ಬಡಿತ ಕುಡಿತ ಯಾವುದೂ ಇರಲಿಲ್ಲವಾದ್ದರಿಂದ ಯಾಕೆ ಹೀಗಾಯಿತು ಎಂದು ಕೇಳಿದವರಿಗೆ ಹೇಳಲು ಹಾಲೇಶನ ಬಳಿ ಒಂದು ಕತೆಯೂ ಇರಲಿಲ್ಲ.

ಮಗಳಿಗೆ ಏನು ಇಷ್ಟ ಎನ್ನುವುದೇ ಅವನಿಗೆ ಗೊತ್ತಿರಲಿಲ್ಲ. ಚಿಕ್ಕವಳಿದ್ದಾಗ ಮೀನು ಎಂದರೆ ಪ್ರಾಣ ಬಿಡುತ್ತಿದ್ದಳು. ಈಗಿನ ಹುಡುಗಿಯರು ಎಷ್ಟೋ ಜನ ಮಾಂಸ ಬಿಟ್ಟುಬಿಡುತ್ತಾರೆ. ಖಾರ ತಿನ್ನುತ್ತಾಳೋ ಇಲ್ಲವೋ. ಲಾಡ್ಜಿನ ಕೌಂಟರಿನಲ್ಲಿದ್ದ ಉಜ್ಜನಪ್ಪನನ್ನು ಕೇಳಿದರೆ ಅವನು ಬೆರಳು ಮಡಚುತ್ತಾ ಸುತ್ತಲಿನ ಹೋಟೆಲುಗಳನ್ನೆಲ್ಲ ಹೇಳಿಬಿಟ್ಟ.

“ಮಟನ್ ಬೇಕಾದ್ರೆ ಹಿಂದಿನ ರಸ್ತೇಲಿ ಮಿಲ್ಟ್ರಿ ಹೋಟ್ಲು. ಟಿಫನ್‌ಗೆ ಎದುರಿಗಿನ ದರ್ಶಿನಿ. ಸಂಜೆ ಮೇಲೆ ಸ್ವಲ್ಪ ತಗೊಳ್ಳೋ ಅಭ್ಯಾಸ ಇದ್ರೆ ನವರಂಗ. ಒಬ್ರೇನಾ ಸಾರ್?”

“ನಾಳೆ ಇಬ್ರು. ಮಗಳು ಬರ್ತಾಳೆ.”

“ಹಂಗಾದ್ರೆ ನವರಂಗ ಬ್ಯಾಡ ಮಾರಾಯ್ರೆ,” ಎಂದು ಉಜ್ಜನಪ್ಪ ನಾಲಿಗೆ ಕಚ್ಚಿಕೊಂಡ.

ಹಾಲೇಶ ನವರಂಗವನ್ನೂ ನೋಡಿಯೇ ಬಂದ. ಒಳಗೆ ಫ್ಯಾಮಿಲಿ ರೂಮು ಎಂದು ಬರೆದ, ಪರದೆ ಎಳೆದ ಗೂಡುಗಳಿದ್ದವು. ಒಳ್ಳೆಯ ಏಕಾಂತ. ಆದರೆ ತಲೆ ನರೆತ ಗಂಡಸೊಬ್ಬ ಹರೆಯದ ಹುಡುಗಿಯನ್ನು ಕರೆದುಕೊಂಡು ಪರದೆಯ ಹಿಂದೆ ಹೋದರೆ ನೋಡಿದವರು ಏನಂದುಕೊಳ್ಳುತ್ತಾರೆ ಎಂದು ಹೊಳೆದು ಬಾಗಿಲಿನಿಂದಲೇ ಹಿಂದಿರುಗಿದ. ಇವಳು ನನ್ನ ಮಗಳು ಎಂದು ಮುಖದಲ್ಲಿ ಬರೆದಿರುವುದಿಲ್ಲವಲ್ಲ. ದರ್ಶಿನಿಯಲ್ಲಿ ನಿಂತು ತಿನ್ನಬೇಕು. ಮಿಲ್ಟ್ರಿ ಹೋಟೆಲಿನ ಕೈಮ ಉಂಡೆ ಬಾಯಲ್ಲಿ ಕರಗಿತು, ಆದರೆ ಪಕ್ಕದವನು ಮೂಳೆ ಹೀರುವ ಸದ್ದಿಗೆ ತನಗೇ ಒಂದು ಥರ ಆಯಿತು. ಸಂಜೆಯ ಹೊತ್ತಿಗೆ ಹೊಟ್ಟೆ ಕಲ್ಲಿನಂತಾಗಿತ್ತು. ಇಡೀ ದಿನ ಅವನು ಮಾತಾಡಿದ್ದೆಲ್ಲ ಸಪ್ಲೈಯರುಗಳ ಜೊತೆ, ಅದೂ ಊಟದ ವಿಷಯ.

ಕೊನೆಗೆ ನೆಹರು ರಸ್ತೆಯಲ್ಲಿ, ಬಟ್ಟೆ ಅಂಗಡಿಯೊಂದರ ಮಹಡಿಯ ಮೇಲೆ ಹೊಸದಾಗಿ ತೆರೆದಿದ್ದ ಹೋಟೆಲು ಸಿಕ್ಕಿತು. ಬಿಳಿ ಮೇಜುಬಟ್ಟೆ, ತಣ್ಣಗೆ ಎ.ಸಿ., ಮೂಲೆಯಲ್ಲಿ ಮೀನಿನ ತೊಟ್ಟಿ. ವೆಜ್ಜೂ ಇತ್ತು, ನಾನ್‌ವೆಜ್ಜೂ ಇತ್ತು. ಕಿಟಕಿ ಪಕ್ಕದ ಟೇಬಲ್ಲಿನಲ್ಲಿ ಕೂತರೆ ಕೆಳಗೆ ರಸ್ತೆ ಕಾಣುತ್ತಿತ್ತು. ಮಾತು ನಿಂತುಹೋದರೆ ನೋಡಲು ಏನಾದರೂ ಇರುತ್ತದೆ ಎಂದು ಹಾಲೇಶನಿಗೆ ಸಮಾಧಾನವಾಯಿತು.

“ಈ ಟೇಬಲ್ಲು ನಾಳೆ ಮಧ್ಯಾಹ್ನಕ್ಕೆ ನಂಗೆ ಬೇಕು,” ಎಂದ, ಮ್ಯಾನೇಜರ್ ಲಕ್ಷ್ಮೀಕಾಂತನಿಗೆ.

“ರಿಸರ್ವ್ ಎಂತಕ್ಕೆ ಸಾರ್? ಇಲ್ಲಿ ಮಧ್ಯಾಹ್ನ ಖಾಲೀನೇ ಇರುತ್ತೆ.”

“ಇರ್ಲಿ. ಬೋರ್ಡ್ ಏನಾದ್ರೂ ಇದ್ರೆ ಇಟ್ಟಿರಿ.”

ಭಾನುವಾರ ಬಸ್ ನಿಲ್ದಾಣದಲ್ಲಿ ಅವಳನ್ನು ಗುರುತು ಹಿಡಿಯಲು ಕಷ್ಟವಾಗಲಿಲ್ಲ. ಜನರ ನಡುವೆ ದಾರಿ ಮಾಡಿಕೊಂಡು ಎಡಭುಜ ಮುಂದೆ ಹಾಕಿ ನಡೆಯುವ ರೀತಿ ಥೇಟ್ ಪುಷ್ಪಾಳದ್ದು. ಹಸಿರು ಚೂಡಿದಾರ, ಹೆಗಲಿಗೆ ಕಾಲೇಜಿನ ಚೀಲ. ಹತ್ತಿರ ಬಂದವಳು ಎರಡೂ ಕೈ ಜೋಡಿಸಿ, “ನಮಸ್ಕಾರ,” ಎಂದಳು. ಹಾಲೇಶನೂ ಗಾಬರಿಯಲ್ಲಿ ಕೈ ಜೋಡಿಸಿಬಿಟ್ಟ. ಮಗಳಿಗೆ ನಮಸ್ಕಾರ ಮಾಡಿದೆನಲ್ಲ ಎಂದು ಆಮೇಲೆ ನಾಚಿಕೆಯಾಯಿತು.

“ಬಸ್ಸಲ್ಲಿ ಸೀಟು ಸಿಕ್ತಾ?”

“ಹ್ಞೂ. ಭದ್ರಾವತೀಲಿ ಸಿಕ್ತು.”

ಮಹಡಿ ಹತ್ತಿ ಬಂದಾಗ ಹೋಟೆಲಿನಲ್ಲಿ ಅವರಿಬ್ಬರನ್ನು ಬಿಟ್ಟರೆ ಯಾರೂ ಇರಲಿಲ್ಲ. ಮೆನು ಕಾರ್ಡನ್ನು ಮಗಳ ಕಡೆ ಸರಿಸಿ, ನಾನ್‌ವೆಜ್ ತಿಂತೀಯಾ, ಮೀನೂ ಇದೆ, ಇಲ್ಲಿ ಪನ್ನೀರು ಚೆನ್ನಾಗಿ ಮಾಡ್ತಾರಂತೆ, ಎಂದು ಹಾಲೇಶ ಒಂದೇ ಉಸಿರಿಗೆ ಹೇಳಿದ. ಅವಳು ಕಾರ್ಡನ್ನು ತೆರೆಯದೆ ಅದರ ಮೇಲೆ ಕೈಯಿಟ್ಟುಕೊಂಡು ಕೂತಳು.

“ನಂಗೆ ಮೊಸರನ್ನ ಸಾಕು.”

“ಯಾಕೆ, ಹುಷಾರಿಲ್ವಾ?”

“ಹಂಗೇನಿಲ್ಲ. ಹಸಿವಿಲ್ಲ.”

ಆದರೂ ಹಾಲೇಶ ಪನ್ನೀರು, ನಾನ್ ರೊಟ್ಟಿ, ಗೋಬಿ ಮಂಚೂರಿ, ಜೀರಾ ರೈಸು ಎಲ್ಲವನ್ನೂ ಹೇಳಿದ. ಬರಲು ತಡವಾಯಿತು. ಓದು ಹೇಗಿದೆ ಎಂದು ಕೇಳಿದ, ಚೆನ್ನಾಗಿದೆ ಎಂದಳು. ಹಾಸ್ಟೆಲ್ ಊಟ ಹೇಗೆ ಎಂದ, ಪರವಾಗಿಲ್ಲ ಎಂದಳು. ಅಷ್ಟಕ್ಕೆ ಮಾತು ಮುಗಿದು ಇಬ್ಬರೂ ಕಿಟಕಿಯಿಂದ ಕೆಳಗೆ ನೋಡಿದರು. ಭಾನುವಾರವಾದ್ದರಿಂದ ಅಂಗಡಿಗಳು ಬಾಗಿಲು ಹಾಕಿದ್ದವು. ನೋಡುವಂಥದ್ದು ಏನೂ ಇರಲಿಲ್ಲ.

ತಟ್ಟೆಗಳು ಬಂದ ಮೇಲೆ ಇಂಪನಾ ಹೇಳಿದಳು. “ನಂಗೆ ಮದುವೆ ಗೊತ್ತಾಗಿದೆ. ಮುಂದಿನ ತಿಂಗಳು.”

ಹಾಲೇಶನ ಕೈಯಲ್ಲಿದ್ದ ಚಮಚ ಪನ್ನೀರಿನ ಬಟ್ಟಲಿನಲ್ಲೇ ನಿಂತಿತು.

“ಹುಡುಗನ ಹೆಸರು ಸುದೀಪ್. ತರೀಕೆರೆಯವರು. ಬ್ಯಾಂಕಲ್ಲಿದಾರೆ. ಒಳ್ಳೆಯವ್ರು.”

“ಒಳ್ಳೇದಾಯ್ತು. ಭಾಳ ಒಳ್ಳೇದಾಯ್ತು. ಎಲ್ಲಿ ಮದುವೆ?”

“ಭದ್ರಾವತೀಲೇ, ನ್ಯೂ ಟೌನಲ್ಲಿ. ಛತ್ರ ಬುಕ್ ಮಾಡಿದಾರೆ. ಶಿವರಾಮ ಮಾವ, ಅತ್ತೆ ಧಾರೆ ಎರೀತಾರೆ.” ಅವಳು ನೀರಿನ ಲೋಟವನ್ನು ತಿರುಗಿಸಿದಳು. “ನೀವು ಬರೋದು ಬೇಡ ಅಂತ ಹೇಳಕ್ಕೆ ಬಂದೆ.”

ಹಾಲೇಶ ಚಮಚ ಬಿಟ್ಟು, “ನಿಮ್ಮಮ್ಮ ಹೇಳಿ ಕಳಿಸಿದ್ಲಾ?” ಎಂದ.

“ಇಲ್ಲ. ಅಮ್ಮ ಕರಿ ಅಂದ್ಲು. ಎಷ್ಟಾದ್ರೂ ಅಪ್ಪ ಅಲ್ವಾ, ಫೋನ್ ಮಾಡಿ ಕರಿ ಅಂದ್ಲು. ನಾನೇ ಬೇಡ ಅಂದೆ.” ಅವಳು ಮಾತು ನಿಲ್ಲಿಸಲಿಲ್ಲ. ದಾರಿಯುದ್ದಕ್ಕೂ ಹೇಳಿಕೊಂಡು ಬಂದಿದ್ದಳೇನೋ. “ನೀವು ಬಂದ್ರೆ ಛತ್ರದಲ್ಲಿ ಎಲ್ಲಾರೂ ನಿಮ್ಮನ್ನೇ ನೋಡ್ತಾರೆ. ಬಂದ್ನಂತೆ, ಮಾತಾಡಿಸಿದ್ನಾ, ಅವಳು ಏನಂದ್ಲು, ಇದೇ ಆಗುತ್ತೆ. ನನ್ನ ಓದ್ಸಿದ್ದು ಅಮ್ಮ. ಟೈಲರಿಂಗ್ ಮಾಡಿ, ಜನರ ಹತ್ರ ಏನೇನೋ ಅನ್ನಿಸ್ಕೊಂಡು. ಅವಳು ಯಾವ ಮದುವೇಲೂ ಮುಂದಿನ ಸಾಲಲ್ಲಿ ಕೂತಿದ್ದು ನಾನು ನೋಡಿಲ್ಲ. ಆವತ್ತೊಂದು ದಿನ ಎಲ್ಲಾರೂ ಅವಳನ್ನ ನೋಡ್ಲಿ ಅಂತ. ನಿಮ್ಮ ಮೇಲೆ ಸಿಟ್ಟಿಗಲ್ಲ.”

ಹೇಳಿ ಮುಗಿಸಿ ಅವಳು ಮೊದಲ ಬಾರಿಗೆ ಅವನ ಮುಖವನ್ನು ನೇರ ನೋಡಿದಳು. ಹಾಲೇಶನಿಗೆ ಏನೇನೋ ಹೇಳಬೇಕೆನಿಸಿತು. ಹಿಂದಿನ ಸಾಲಿನಲ್ಲಿ ಕೂತು ಹೋಗುತ್ತೇನೆ, ಯಾರಿಗೂ ಗೊತ್ತಾಗುವುದಿಲ್ಲ ಎನ್ನಬಹುದಿತ್ತು. ಆದರೆ ನ್ಯೂ ಟೌನಿನಲ್ಲಿ ಗೊತ್ತಾಗದೆ ಇರುತ್ತದೆಯೇ? ಉಕ್ಕಿನ ಕಾರ್ಖಾನೆಯ ಕ್ವಾರ್ಟರ್ಸಿನ ಜನ, ಅಲ್ಲಿ ಪುಷ್ಪಾಳ ಅಪ್ಪನ ಜೊತೆ ಶಿಫ್ಟು ಮಾಡಿದವರು ಎಲ್ಲರೂ ಇರುತ್ತಾರೆ. ಮಗಳು ಹೇಳಿದ್ದರಲ್ಲಿ ತಪ್ಪೇನೂ ಅವನಿಗೆ ಸಿಗಲಿಲ್ಲ. ಸಿಕ್ಕಿದ್ದರೆ ಒಳ್ಳೆಯದಿತ್ತು.

“ಸರಿ,” ಎಂದ. ಪನ್ನೀರಿನ ಬಟ್ಟಲನ್ನು ಅವಳ ಕಡೆ ಸರಿಸಿ, “ಅಡುಗೆ ಯಾರದ್ದು?” ಎಂದು ಕೇಳಿದ.

“ಏನು?”

“ಮದುವೆ ಅಡುಗೆ. ಭಟ್ರು ಯಾರು?”

ಇಂಪನಾ ತಬ್ಬಿಬ್ಬಾದಳು. ಜಗಳಕ್ಕೆ, ಅಳುವಿಗೆ ಸಿದ್ಧವಾಗಿ ಬಂದವಳಿಗೆ ಈ ಪ್ರಶ್ನೆಗೆ ಉತ್ತರ ಹುಡುಕಬೇಕಾಯಿತು. “ಯಾರೋ ತೀರ್ಥಹಳ್ಳಿ ಕಡೆಯವ್ರು. ಮಾವ ಗೊತ್ತು ಮಾಡಿದಾರೆ.”

“ಸ್ವೀಟ್ ಏನು?”

“ಹೋಳಿಗೆ ಅಂತ ಅತ್ತೆ. ಜಹಾಂಗೀರ್ ಅಂತ ಮಾವ. ದಿನಾ ಜಗಳ.” ಅವಳ ತುಟಿಯಲ್ಲಿ ನಗು ಇಣುಕಿತು. “ಅಮ್ಮ ಯಾರ ಕಡೇನೂ ಇಲ್ಲ. ಹಪ್ಪಳ ಮಾತ್ರ ಮನೇದೇ ಆಗ್ಬೇಕು ಅಂತ ಹಟ ಹಿಡಿದಿದಾಳೆ. ತಾರಸಿ ಪೂರಾ ಹಪ್ಪಳ. ಕೋತಿ ಕಾಟ ಬೇರೆ. ಕಾಯಕ್ಕೆ ಅಜ್ಜಿಗೆ ಕೋಲು ಕೊಟ್ಟು ಕೂರ್ಸಿದಾಳೆ.”

“ನಂಜಮ್ಮತ್ತೆಗೆ ಕೋತಿ ಓಡ್ಸಕ್ಕಾಗುತ್ತಾ ಈಗ?”

“ಎಲ್ಲಿ! ನಿದ್ದೆ ಮಾಡ್ತಿರುತ್ತೆ ಅಜ್ಜಿ.”

ಇಬ್ಬರೂ ನಕ್ಕರು. ನಗುತ್ತಲೇ ಅವಳು ಗೋಬಿ ಮಂಚೂರಿಯ ತಟ್ಟೆಯನ್ನು ಹತ್ತಿರ ಎಳೆದುಕೊಂಡಳು. ಹಸಿವಿಲ್ಲವೆಂದವಳು ಒಂದೊಂದಾಗಿ ತಿನ್ನತೊಡಗಿದಳು, ನಾನ್ ರೊಟ್ಟಿ ಮುರಿದು ಪನ್ನೀರಿಗೆ ಅದ್ದಿದಳು. ಬೆಳಿಗ್ಗೆಯಿಂದ ಏನೂ ತಿಂದಿರಲಿಲ್ಲವೆಂದು ಕಾಣುತ್ತಿತ್ತು. ಹಾಲೇಶ ಅವಳು ತಿನ್ನುವುದನ್ನು ನೋಡುತ್ತಾ ಕೂತ. ಖಾರ ತಿನ್ನುತ್ತಾಳೆ. ಈರುಳ್ಳಿಯನ್ನು ಪಕ್ಕಕ್ಕೆ ಸರಿಸುತ್ತಾಳೆ. ಅನ್ನಕ್ಕಿಂತ ರೊಟ್ಟಿ ಇಷ್ಟ.

“ಸುಮ್ನೆ ಕೂತಿದೀಯಲ್ಲ, ನೀನೂ ತಿನ್ನು. ಆರೋಗ್ತಿದೆ,” ಎಂದಳು ಬಾಯಿ ತುಂಬಿಕೊಂಡೇ. ಹೇಳಿದ ಮೇಲೆ ನಾಲಿಗೆ ಹೊರಳಿದ್ದು ಅವಳಿಗೇ ತಿಳಿದು ತಲೆ ತಗ್ಗಿಸಿದಳು. ಹಾಲೇಶ ಕೇಳಿಸದವನಂತೆ ಜೀರಾ ರೈಸನ್ನು ತನ್ನ ತಟ್ಟೆಗೆ ಬಡಿಸಿಕೊಂಡು ತಿಂದ. ಅದಕ್ಕೆ ರುಚಿ ಇತ್ತೋ ಇಲ್ಲವೋ ಅವನಿಗೆ ತಿಳಿಯಲಿಲ್ಲ.

ಮತ್ತೆ ನಿಲ್ದಾಣಕ್ಕೆ ನಡೆದು ಬರುವಾಗ ಅವಳು ‘ನೀವು’ ಎಂದೇ ಮಾತಾಡಿದಳು. ಪುಣೆಯಲ್ಲಿ ಊಟಕ್ಕೆ ಏನು ಮಾಡ್ತೀರಾ ಎಂದು ಕೇಳಿದಳು. ಮೆಸ್ ಇದೆ ಎಂದ. ಭದ್ರಾವತಿಯ ಬಸ್ಸು ಹೊರಡುವುದರಲ್ಲಿತ್ತು. ಹತ್ತುವ ಮೊದಲು ಅವಳು ಸರಕ್ಕನೆ ಬಾಗಿ ಅವನ ಕಾಲು ಮುಟ್ಟಿದಳು. ಜನರ ನೂಕಿನಲ್ಲಿ ಅವನ ಕೈ ಅವಳ ತಲೆಯವರೆಗೆ ಹೋಗುವಷ್ಟರಲ್ಲಿ ಎದ್ದು ಮೆಟ್ಟಿಲು ಹತ್ತಿಯಾಗಿತ್ತು. ಸೀಟು ಆಚೆ ಕಡೆ ಸಿಕ್ಕಿರಬೇಕು, ಅವನು ನಿಂತಿದ್ದ ಕಡೆಯ ಕಿಟಕಿಗಳಲ್ಲಿ ಅವಳು ಕಾಣಲಿಲ್ಲ. ಸುತ್ತಿ ಹೋಗಿ ನೋಡೋಣವೆಂದು ಹೆಜ್ಜೆ ಇಡುವುದರೊಳಗೆ ಬಸ್ಸು ಹೊರಟಿತು.

ಪುಣೆಯ ಬಸ್ಸಿಗೆ ಇನ್ನೂ ಹೊತ್ತಿತ್ತು. ಲಾಡ್ಜಿಗೆ ಹೋಗಿ ಬ್ಯಾಗು ತಂದ. “ಹಿಡಿಸ್ತಾ ಸಾರ್ ಮಗಳಿಗೆ?” ಎಂದು ಉಜ್ಜನಪ್ಪ ಕೇಳಿದ್ದಕ್ಕೆ, “ಹ್ಞೂ, ಚೆನ್ನಾಗಿ ಊಟ ಮಾಡಿದ್ಲು,” ಎಂದ. ಅದು ಸುಳ್ಳೂ ಆಗಿರಲಿಲ್ಲ.

ಸಂಜೆಯಾಗುತ್ತಿದ್ದಂತೆ ಹಸಿವಾಯಿತು. ಯಾವ ಹೋಟೆಲಿಗೂ ಹೋಗಬೇಕೆನಿಸಲಿಲ್ಲ. ನಿಲ್ದಾಣದ ಹೊರಗೆ ಗಾಡಿಯಿಟ್ಟುಕೊಂಡಿದ್ದ ಹೆಂಗಸೊಬ್ಬಳು ಮಂಡಕ್ಕಿ ಕಲಸುತ್ತಿದ್ದಳು. ಬ್ಯಾಗನ್ನು ಕಾಲ ಸಂದಿಯಲ್ಲಿಟ್ಟುಕೊಂಡು ಹಾಲೇಶ ಅಲ್ಲೇ ನಿಂತ.

“ಖಾರ ಇರ್ಲಾ ಅಣ್ಣ?”

“ಇರ್ಲಿ.”

ಅವಳು ಈರುಳ್ಳಿ ಹೆಚ್ಚುತ್ತಾ ಬ್ಯಾಗಿನ ಕಡೆ ನೋಡಿ, ಮಾತಿಗೆಂಬಂತೆ ಕೇಳಿದಳು. “ಊರಿಗೆ ಹೊರಟ್ರಾ, ಊರಿಂದ ಬಂದ್ರಾ?”

ಅವಳು ಉತ್ತರಕ್ಕೆ ಕಾಯಲಿಲ್ಲ. ಪೊಟ್ಟಣವನ್ನು ಅವನ ಕೈಗಿಟ್ಟು ಇನ್ನೊಬ್ಬರ ಕಡೆ ತಿರುಗಿದಳು. ಕಾಗದ ಬೆಚ್ಚಗಿತ್ತು, ಒಳಗಿನ ಎಣ್ಣೆ ಆಗಲೇ ಹೊರಗೆ ಒಸರುತ್ತಿತ್ತು. ಗಾಳಿಗೆ ಮಂಡಕ್ಕಿ ಹಾರದಂತೆ ಪೊಟ್ಟಣದ ಬಾಯಿಗೆ ಅಂಗೈ ಅಡ್ಡ ಹಿಡಿದು, ರಸ್ತೆಗೆ ಬೆನ್ನು ಮಾಡಿ ನಿಂತು ಅವನು ತಿನ್ನತೊಡಗಿದ.